ರಾಕ್ಷಸ ಕಲಿತ ಮಾತು

ಆ ಹೊಸ ವಿಡಿಯೋ ಗೇಮಿನ ರಾಕ್ಷಸರು ಆಡುವವರ ಮನೆಯ ಮಾತು ಕೇಳಿಸಿಕೊಂಡೇ ಮಾತು ಕಲಿಯುತ್ತಿದ್ದರು. ಮಗು ಯಾವ ಮಾತಿಗೆ ಎಲ್ಲಕ್ಕಿಂತ ಹೆಚ್ಚು ಹೆದರುತ್ತದೋ, ಕೊನೆಯ ಯುದ್ಧದಲ್ಲಿ ಅದನ್ನೇ ಆಡುತ್ತಿದ್ದರು. ಹಾಲಿನ ಬೂತಿನ ಮುಂದೆ ತಾಯಂದಿರು ಅದನ್ನು ಹೇಳಿಕೊಂಡು ನಗುವುದಿತ್ತು.

"ನಮ್ಮನೇದು 'ಮಾರ್ಕ್ಸ್ ಕಾರ್ಡ್ ತೋರ್ಸು' ಅನ್ನುತ್ತೆ ಕಣ್ರೀ," ಎಂದಿದ್ದಳು ಪಕ್ಕದ ಮನೆಯ ಶಕೀಲಾ.

ನಳಿನಾಕ್ಷಿ ಮಾತ್ರ ನಗುತ್ತಿರಲಿಲ್ಲ. ಗಂಡ ಕೈಮಾಡುವಾಗ ಬೈಯುವ ಬೈಗುಳವನ್ನೇ ತಮ್ಮ ಮನೆಯ ರಾಕ್ಷಸ ಕಲಿತಿರಬೇಕು, ಬೀದಿಗೆಲ್ಲ ಕೇಳಿಸಿಬಿಟ್ಟರೆ ಎಂದು ಅವಳಿಗೆ ಅಳುಕು.

ಒಂದು ಸಂಜೆ ಅವಳು ಚಪಾತಿ ಲಟ್ಟಿಸುತ್ತಿದ್ದಾಗ ಮಗಳು ಇಂಚರಾ ಕೊನೆಯ ಕೋಟೆ ಹೊಕ್ಕಳು. ಬೆಂಕಿಯ ಕಿರೀಟದ ರಾಕ್ಷಸ ಗದೆ ಎತ್ತಿದವನು ಕೂಗಲಿಲ್ಲ. ಥೇಟು ನಳಿನಾಕ್ಷಿಯ ದನಿಯಲ್ಲಿ, ಮೆಲ್ಲಗೆ ಹೇಳಿದ: "ಏನೂ ಆಗಿಲ್ಲ ಪುಟ್ಟಿ. ಕಾಲು ಜಾರಿ ಬಿದ್ದೆ ಅಷ್ಟೆ. ನೀನು ಆಟ ಆಡ್ಕೋ."

ಇಂಚರಾ ಎರಡೂ ಕಿವಿ ಮುಚ್ಚಿಕೊಂಡಳು.

ಗೇಟಿನ ಬಳಿ ಬೈಕ್ ನಿಂತ ಸದ್ದಾಯಿತು. ನಳಿನಾಕ್ಷಿ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಿನ ಚಿಲಕ ಹಾಕಿದಳು.

"ಅಮ್ಮಾ, ಅಪ್ಪ ಬಂದ್ರು."

ಏನೂ ಆಗಲ್ಲ ಎನ್ನಲು ಹೊರಟ ಬಾಯನ್ನು ಅವಳು ತಡೆದಳು. ಮಗಳ ಪಕ್ಕ ನೆಲದ ಮೇಲೆ ಕುಳಿತು, "ನಂಗೂ ತುಂಬಾ ಭಯ ಆಗ್ತಿದೆ, ಪುಟ್ಟಿ," ಎಂದಳು.