ಮಂಡಕ್ಕಿ ಭಟ್ಟಿಯ ಪ್ರಬಂಧ

ಕಾಲೇಜಿನಲ್ಲಿ ಸಮಾಜಕಾರ್ಯ ಓದುತ್ತಿದ್ದ ಕರಿಬಸಮ್ಮ, ಎಂಟು ತಿಂಗಳು ಮಂಡಕ್ಕಿ ಭಟ್ಟಿಗಳ ಹೊಗೆ ಕುಡಿದು, ಅಲ್ಲಿ ದುಡಿಯುವ ಹೆಂಗಸರ ಕೆಮ್ಮಿನ ಬಗ್ಗೆ ಪ್ರಬಂಧ ಬರೆದಿದ್ದಳು. ಬರೆದ ಪುಟಗಳನ್ನೆಲ್ಲ ತಿದ್ದಿಕೊಡಲೆಂದು ಮಾರ್ಗದರ್ಶಕಿ ಮೇಡಂ ಕೈಗೆ ಕೊಡುತ್ತ ಬಂದಿದ್ದಳು. ಮೌಖಿಕ ಪರೀಕ್ಷೆಯ ದಿನ, ಬೇರೆ ಊರಿಂದ ಬಂದ ಪರೀಕ್ಷಕರು ಆ ಪ್ರಬಂಧವನ್ನು ಮೇಜಿನ ಮೇಲೆ ಕುಕ್ಕಿದರು.

"ಪಾಠ ಹೇಳಿದ ಮೇಡಂ ಬರೆದದ್ದನ್ನೇ ಕದ್ದು ತಂದಿದೀಯಲ್ಲಮ್ಮ! ಹೋದ ತಿಂಗಳೇ ಇದು ಅವರ ಹೆಸರಲ್ಲಿ ಅಚ್ಚಾಗಿದೆ. ಒಂದಕ್ಷರಾನೂ ಬದಲಿಸಿಲ್ಲ ನೀನು."

ಅವರು ತಳ್ಳಿದ ಸಂಶೋಧನಾ ಪತ್ರಿಕೆಯನ್ನು ಕರಿಬಸಮ್ಮ ತೆರೆದು ನೋಡಿದಳು. ಅವಳ ಸಾಲುಗಳೇ ಇದ್ದವು, ಮೇಲೆ ಮೇಡಂ ಹೆಸರಿತ್ತು. ಮೈಯೆಲ್ಲ ಉರಿದುಹೋಯಿತು.

"ಇದ್ರಾಗೆ ರಕ್ತ ಕಾರೋ ಹೆಂಗ್ಸು ನಮ್ಮವ್ವ ಸರ್! ಮೇಡಂ ಒಂದಿನಾನೂ ಆ ಕಡೆ ಕಾಲಿಟ್ಟಿಲ್ಲ. ಕೇಳ್ರಿ ಅವರನ್ನೇ, ನಮ್ಮವ್ವನ ಭಟ್ಟಿ ಎಲ್ಲೈತೆ ಅಂತ!"

ಪರೀಕ್ಷಕರು ತಬ್ಬಿಬ್ಬಾಗಿ, ಪಕ್ಕದ ಕುರ್ಚಿಯಲ್ಲಿದ್ದ ಮೇಡಂ ಕಡೆ ತಿರುಗಿದರು.

ಮೇಡಂ ಎದ್ದು ಬಂದು, ಕರಿಬಸಮ್ಮನ ಬೆನ್ನ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಿದರು:

"ಬಡವರ ಮನೆ ಹುಡುಗಿ ಸರ್. ನನ್ನ ಮುಖ ನೋಡಿ, ಇದೊಂದು ಸಲ ಕ್ಷಮಿಸಿಬಿಡಿ."