ಹೆಳವನ ಪುಸ್ತಕ

ವಂಶಾವಳಿ ಹೇಳುವ ಹೆಳವ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ದಪ್ಪ ಪುಸ್ತಕ ಬಿಡಿಸಿಟ್ಟು, ಏಳು ತಲೆಮಾರಿನ ಗಂಡಸರ ಹೆಸರನ್ನು ಒಂದೇ ಉಸಿರಿಗೆ ಹಾಡಿದ.

ಅಜ್ಜಿ ಅವನಿಗೆಂದು ತಂದ ಜೋಳದ ಮೊರವನ್ನು ಹಿಂದಕ್ಕೆಳೆದುಕೊಂಡಳು. "ಈ ಸಲಾನೂ ನನ್ನ ಹೆಸರು ಬರಲಿಲ್ಲ. ಈ ಮನಿಗೆ ಬಂದು ಐವತ್ತು ವರ್ಷ ಆತು. ನಾನೇನು ಹಿತ್ತಲದಾಗಿನ ಎಮ್ಮಿ ಏನು?"

"ಹೆಣ್ಮಕ್ಕಳ ಹೆಸರು ಹಾಡೂ ಪದ್ಧತಿ ಇಲ್ಲಬೇ ಯವ್ವಾ. ನಮ್ಮಪ್ಪ ಕಲಿಸಿದ್ದು ಇಷ್ಟ."

"ಹಂಗಾರ ಜೋಳಾನೂ ಆ ಗಂಡಸರ ಕಡೆನ ಇಸ್ಕೋ."

ನೀರಿನ ತಂಬಿಗೆ ಇಡಲು ನಾನು ಬಗ್ಗಿದೆ. ಐದನೇ ಇಯತ್ತೆಗೇ ಶಾಲೆ ಬಿಟ್ಟಿದ್ದರೂ ಅಕ್ಷರ ಕಂಡಲ್ಲಿ ನನ್ನ ಕಣ್ಣು ನಿಲ್ಲುತ್ತದೆ. ಅಜ್ಜನ ಹೆಸರಿನ ಪಕ್ಕದಲ್ಲೇ ಇನ್ನೊಂದು ಸಾಲಿತ್ತು.

"ಅಜ್ಜೀ, ನಿನ್ನ ಹೆಸರು ಐತಿ," ಎಂದೆ ಮೆಲ್ಲಗೆ. "'ದ್ಯಾಮವ್ವ, ಬಾಯಿ ಜೋರು, ಕೈ ಧಾರಾಳ' ಅಂತ ಬರದಾರ. ಅದರ ಕೆಳಗ ಮೊಮ್ಮಗಳು ಅಂತ ನನ್ನ ಹೆಸರೂ ಐತಿ."

ಅಜ್ಜಿ ನಕ್ಕು, ಮೊರವನ್ನು ಮುಂದಕ್ಕೆ ತಳ್ಳಿದಳು. "ಮತ್ತ ಯಾಕ ಓದಲಿಲ್ಲೋ?"

ಹೆಳವ ಬೆರಗಾಗಿ ಪುಸ್ತಕವನ್ನು ನನ್ನ ಕೈಗಿಟ್ಟ.

"ಇನ್ನೂ ಏನೇನು ಬರದಾಳ ನೋಡವಾ ತಂಗಿ. ನನಗ ಓದಾಕ ಬರಂಗಿಲ್ಲ, ಬರಿಯಾಕಿ ನನ್ನ ಹೆಂಡತಿ."