ಕಾಯಿಸಿದ ಹಾಲು

ನರ್ಸ್ ಸುನಿತಾ ಫ್ಲಾಸ್ಕಿನ ಮುಚ್ಚಳ ತೆಗೆದು, ಒಳಗೆ ಬಗ್ಗಿ ನೋಡಿ, ಅಷ್ಟೂ ಹಾಲನ್ನು ಸಿಂಕಿಗೆ ಸುರಿದುಬಿಟ್ಟಳು. ಮಾಯಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಮಗಳು ಅಂಬಿಕ ಬೆಳಗಿನ ಜಾವದಿಂದ ತನ್ನೆದೆ ಹಿಂಡಿ ಹಿಂಡಿ ಕೂಡಿಸಿದ್ದ ಅರ್ಧ ಲೋಟ ಹಾಲು ಅದು. ಬಿಂಡಿಗನವಿಲೆಯಿಂದ ಎರಡು ಬಸ್ಸು ಬದಲಾಯಿಸಿ, ಫ್ಲಾಸ್ಕನ್ನು ತೊಡೆಯಿಂದ ಕೆಳಗಿಡದೆ ದೊಡ್ಡಾಸ್ಪತ್ರೆಗೆ ತಂದಿದ್ದ.

"ಏನಮ್ಮಾ ನೀನು! ನಮ್ಮೂರ ಡೈರಿಯೋನೂ ಮೀಟ್ರು ಬುಟ್ಟು ನೋಡ್ಬುಟ್ಟು ಆಮೇಲೆ ಆಲು ವಾಪಸ್ ಕಳುಸ್ತಾನೆ. ನೀನು ಎತ್ತಿ ಸುರ್ದೇಬುಟ್ಯಲ್ಲ! ಒಳ್ಗೆ ಮಲ್ಗಿರೋದು ನನ್ ಮೊಮ್ಮಗ ಕಣಮ್ಮ, ನಾಯಿಮರಿಯಲ್ಲ!"

"ಯಜಮಾನ್ರೇ, ಇದನ್ನ ಕಾಯಿಸಿದ್ದೀರಾ? ಮೇಲೆ ಕೆನೆ ಕಟ್ಟಿದೆ."

"ಕಾಯಿಸ್ದೆ ತಂದಾರಾ? ಅಸಿ ಆಲು ಈ ಬಿಸ್ಲಲ್ಲಿ ಬಸ್ಸಲ್ ಬಂದ್ರೆ ಒಡ್ದೋಗಾಕಿಲ್ವಾ? ನಮ್ಮನೇಲಿ ನಾಕು ಅಸ ಅವೆ. ಆಲಿನ ವಿಚಾರ ನಂಗೆ ಏಳ್ಕೊಡ್ಬೇಡ. ಮೂರು ಉಕ್ಕು ಬರೋಗಂಟ ಕಾಯಿಸ್ಯವ್ಳೆ ನಮ್ಮನೆಯವ್ಳು."

"ಹಸುವಿನ ಹಾಲಿಗೆ ಆ ಮಾತು ಸರಿ. ತಾಯಿ ಹಾಲನ್ನ ಹಾಗೆ ಕುದಿಸಿದ್ರೆ ಮಗುವನ್ನ ಕಾಯೋ ಶಕ್ತೀನೇ ಹೋಗ್ಬಿಡುತ್ತೆ. ಚೊಕ್ಕ ಡಬ್ಬೀಲಿ, ತಣ್ಣಗೆ, ಹಸಿಯಾಗೇ ತರಬೇಕು." ಸುನಿತಾ ಅಲ್ಲಿಗೆ ನಿಲ್ಲಿಸಲಿಲ್ಲ. ಅವಳಿಗೂ ರೇಗಿತ್ತು. "ಆದ್ರೆ ನಿನ್ನೆ ಫೋನಲ್ಲಿ ನಾನು ಕೇಳಿದ್ದು ಹಾಲನ್ನಾ? ತಾಯಿನ ಕಳಿಸಿ ಅಂದೆ! ಎಂಟು ತಿಂಗಳಿಗೇ ಹುಟ್ಟಿರೋ ಮಗು, ಒಂದೂ ಕಾಲು ಕೇಜಿ ಇದೆ. ಪುಡಿ ಹಾಲು ಕೊಟ್ರೆ ಅದರ ಕರುಳು ಊದಿಕೊಳ್ಳೋ ಭಯ. ಅವಳ ಎದೆಗೆ ಬರಿಮೈಯಲ್ಲಿ ಒರಗಿಸಿ ಕಟ್ಟಿದ್ರೆ ಇದಕ್ಕೂ ಬೆಚ್ಚಗೆ, ಅವಳಿಗೂ ಹಾಲು ಇಳಿಯುತ್ತೆ. ತಾಯಂದಿರಿಗೆ ಅಂತ್ಲೇ ಒಳಗೆ ಮಂಚ ಹಾಕಿದ್ದೀವಿ. ಹೆತ್ತ ಮೂರನೇ ದಿನಕ್ಕೆ ಬೇಡ ಬೇಡ ಅಂದ್ರೂ ಅವಳನ್ನ ಎಬ್ಬಿಸಿಕೊಂಡು ಹೋದ್ರಲ್ಲ, ಯಾವ ಸೀಮೆ ಜನಾರೀ ನೀವು?"

ಮಾಯಣ್ಣ ಒಳಕೋಣೆಯ ಕಡೆ ತಿರುಗಿದ. ಗಾಜಿನಾಚೆ ಕೂಸು ಮಲಗಿತ್ತು. ಕಿತ್ತಳೆಹಣ್ಣಿನಷ್ಟಿದ್ದ ತಲೆಗೆ ಉಲ್ಲನ್ ಟೋಪಿ, ಮೂಗಿಗೆ ದಾರದಂಥ ನಳಿಕೆ. ಕಣ್ಣು ಮುಚ್ಚಿಕೊಂಡೇ ಬಾಯಿ ಚಪ್ಪರಿಸುತ್ತಿತ್ತು, ಅಲ್ಲಿ ಇಲ್ಲದ್ದನ್ನು ಚೀಪುವ ಹಾಗೆ. ಬದುಕಬೇಕು ಅನ್ನುವುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ.

ನಾಗಮಂಗಲಕ್ಕೆ ಬಂದು ಊರಿನ ಬಸ್ಸು ಹತ್ತುವ ಹೊತ್ತಿಗೆ ಅವನ ಸಿಟ್ಟು ನರ್ಸಿನ ಮೇಲಿಂದ ಇಳಿದಿತ್ತು. ಆರಿರಲಿಲ್ಲ, ಮನೆಯ ಕಡೆ ತಿರುಗಿತ್ತು ಅಷ್ಟೆ. ಬಾಣಂತಿಗೆಂದು ಬೆಳ್ಳುಳ್ಳಿ ಸುಲಿಯುತ್ತ ಜಗಲಿಯಲ್ಲಿ ಕೂತಿದ್ದ ಹೆಂಡತಿಯನ್ನು ಕಂಡದ್ದೇ ತಡ, ಚಪ್ಪಲಿ ಕೂಡ ಬಿಡದೆ ಕೂಗಾಡಿದ.

"ಸರಸೀ, ನಿನ್ನೆ ಫೋನಲ್ಲಿ ಅವ್ರು ಕೇಳಿದ್ದು ಆಲಾ, ಮಗ್ಳನ್ನಾ? ನಿಜ ಬೊಗಳು!"

ಸರಸಮ್ಮ ತಲೆ ಎತ್ತಲಿಲ್ಲ. "ಮಗ್ಳನ್ನೇ. ನಾನೇ ನಿಮ್ಗೆ ಏಳ್ಲಿಲ್ಲ."

"ಯಾಕೆ? ಬಾಣಂತಿಗೆ ಗಾಳಿ ತಾಕ್ತದೆ ಅಂತ್ಲಾ?"

ಅವಳು ಬಾಣಂತಿ ಕೋಣೆಯ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಗಾಳಿ ಅಲ್ಲ. ಏಳು ತಿಂಗ್ಳುದ್ದು ಉಳ್ಕತದೆ, ಎಂಟು ತಿಂಗ್ಳುದ್ದು ನಿಲ್ಲಾಕಿಲ್ಲ. ನಮ್ಮವ್ವನ ಕಾಲ್ದಿಂದ ಕಂಡಿರೋ ಮಾತು. ಓಗೋದು ಓಗೇ ಓಯ್ತದೆ. ಎದೆಗೆ ಆಕ್ಕಂಡ್ ಮ್ಯಾಲೆ ಓದ್ರೆ ನನ್ ಮಗ್ಳು ತಡ್ಕತಾಳಾ? ಮೋಹ ಅಂಟೋಕ್ ಮುಂಚೇನೇ ಕರ್ಕಂಡ್ ಬಂದ್ಬುಟ್ಟೆ."

"ಅಂಗಾದ್ರೆ ಆಲು ಯಾಕಮ್ಮೀ ಕಳಿಸ್ದೆ?"

"ನಿಮ್ಗೂ ಅವಳ್ಗೂ ಒಂದು ಸಮಾಧಾನ ಆಗ್ಲಿ ಅಂತ."

ಅಯ್ಯೋ ಶಿವನೇ! ಕೂಸು ಅಲ್ಲಿ ಉಸಿರಾಡುತ್ತಿದೆ, ಇಲ್ಲಿ ಅಜ್ಜಿ ಅದಕ್ಕೆ ಗುಂಡಿ ತೋಡಿ ಕೂತಿದ್ದಾಳೆ. ಅದೂ ಮಗಳ ಮೇಲಿನ ಪ್ರೀತಿಗೆ! ಇಂಥ ಪ್ರೀತಿಗಿಷ್ಟು ಬೆಂಕಿ ಬೀಳ. ಮಾಯಣ್ಣ ಬಾಯಿಗೆ ಬಂದಂತೆ ಬೈದ. ಬೈಯುತ್ತ ಬೈಯುತ್ತ ನಡುವೆಯೇ ಅವನ ದನಿ ಕುಸಿಯಿತು. ಎಂಟು ತಿಂಗಳ ಆ ಮಾತನ್ನು ಅವನೂ ಕೇಳಿಯೇ ಬೆಳೆದಿದ್ದ. ಹಸುಗೂಸನ್ನು ಬಿಟ್ಟು ಮಗಳನ್ನು ಕಾರು ಹತ್ತಿಸುವಾಗ ಯಾಕೆ ಏನು ಅಂತ ಒಂದು ಮಾತು ಕೇಳಿರಲಿಲ್ಲ. ಕೇಳದೆ ಇದ್ದದ್ದು ಮರೆವಿನಿಂದಲ್ಲ ಎಂದು ಅವನಿಗೆ ಈಗ ಗೊತ್ತಾಯಿತು.

ಕೋಣೆಯ ಬಾಗಿಲು ತೆರೆಯಿತು. ಕಿವಿ ಮುಚ್ಚಿ ಸ್ಕಾರ್ಫು ಕಟ್ಟಿಕೊಂಡಿದ್ದ ಅಂಬಿಕ ಗೋಡೆ ಹಿಡಿದು ಹೊರಗೆ ಬಂದಳು.

"ಒಳಿಕ್ ಓಗವ್ವ! ಅನ್ನೊಂದು ದಿನ ಆಗ್ದೆ ಒಸ್ಲು ದಾಟ್ಬಾರ್ದು," ಎಂದು ಸರಸಮ್ಮ ಎದ್ದು ಅಡ್ಡ ನಿಂತಳು. ಬೆಳ್ಳುಳ್ಳಿಯೆಲ್ಲ ಜಗಲಿಯ ತುಂಬ ಚೆಲ್ಲಿತು.

ಅಂಬಿಕ ಅಳಲಿಲ್ಲ. ಸ್ಕಾರ್ಫು ಬಿಚ್ಚಿ ಬಿಸಾಡಿದಳು, ಅಪ್ಪನ ಕೈಯಿಂದ ಖಾಲಿ ಫ್ಲಾಸ್ಕು ತೆಗೆದು ಕೆಳಗಿಟ್ಟಳು, ಮೆಟ್ಟಿಲ ಬಳಿಯಿದ್ದ ಚಪ್ಪಲಿಗೆ ಕಾಲು ತೂರಿಸಿದಳು. ಆಮೇಲೆ ಅವ್ವನ ಕಡೆ ತಿರುಗಿ ಸೆರಗು ಸರಿಸಿದಳು. ರವಿಕೆ ಹಾಲಿನಲ್ಲಿ ತೊಯ್ದು ಮೈಗೆ ಅಂಟಿತ್ತು.

"ನೀವೆಲ್ಲ ನನ್ ಕೂಸ್ನ ಆಗ್ಲೇ ಮಣ್ಣು ಮಾಡ್ಬುಟ್ಟಿದ್ದೀರಿ, ಅಲ್ವೇನವ್ವ?" ಎಂದಳು. "ನನ್ನೆದೆಗೆ ಮಾತ್ರ ಆ ಸುದ್ದಿ ಯಾರೂ ಏಳೇ ಇಲ್ಲ, ನೋಡು."